ಊರಿನ ಶಾಲೆಗೆ ಊರವರದೇ ಚುಕ್ಕಾಣಿ



ವಿದ್ಯಾದಾನವು ನಮ್ಮ ಸಮಾಜಕ್ಕೆ ಹೊಸದಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಇಂದು ನಾಡಿನ ಎಲ್ಲ ಕ್ಷೇತ್ರಗಳಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ತಮಗೆ ಅಕ್ಷರ ಕಲಿಸಿದ ಊರಿನ ಋಣವನ್ನು ಮರೆಯದೆ ಶಾಲೆಗೆ ಒಂದು ಕೊಠಡಿಯನ್ನೋ, ಪುಸ್ತಕಗಳನ್ನೋ, ಬಡ ಮಕ್ಕಳ ಶುಲ್ಕವನ್ನೋ ಕೊಡುತ್ತ ಬಂದಿದ್ದಾರೆ. ಇದು ಮೆಚ್ಚತಕ್ಕ ಸಂಗತಿ. ಆದರೆ ಕೊಡುವ ಕಾರ್ಯ ಮುಗಿದ ಮೇಲೆ ಉಳಿಯುವ ಮತ್ತೊಂದು ಪ್ರಶ್ನೆಯನ್ನು ನಾವು ಅಷ್ಟಾಗಿ ಚರ್ಚಿಸುವುದಿಲ್ಲ. ಕಟ್ಟಿಸಿದ ಶಾಲೆಯನ್ನು ದಿನದಿನವೂ ನಡೆಸುವವರು ಯಾರು? ಅದರ ಬಗ್ಗೆ ತೀರ್ಮಾನ ಮಾಡುವವರು ಯಾರು? ದೂರದ ನಗರದಲ್ಲಿರುವ ದಾನಿಯೇ, ಅಥವಾ ಅದೇ ಊರಿನಲ್ಲಿದ್ದು ಮಕ್ಕಳ ಮುಖವನ್ನು ನಿತ್ಯವೂ ನೋಡುವ ಶಿಕ್ಷಕಿಯೇ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ನಮ್ಮ ನೆರೆಯ ಬಾಂಗ್ಲಾದೇಶದ ಒಂದು ಸಂಸ್ಥೆಯ ಕಥೆ ಗಮನಕ್ಕೆ ಬರುತ್ತದೆ. ಅದರ ಹೆಸರು ಬ್ರ್ಯಾಕ್. ಇಂದು ಜಗತ್ತಿನ ಅತಿ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ಒಂದೆಂದು ಹೆಸರಾದ ಇದು ಯಾವುದೋ ಶ್ರೀಮಂತ ದೇಶದಲ್ಲಿ ಹುಟ್ಟಿ ಬಡ ದೇಶಕ್ಕೆ ಬಂದುದಲ್ಲ. ಬಡ ದೇಶದಲ್ಲಿಯೇ ಹುಟ್ಟಿ, ಆ ದೇಶದವರಿಂದಲೇ ಬೆಳೆದದ್ದು. ಅದರ ಹಳ್ಳಿಶಾಲೆಗಳ ಇತಿಹಾಸದಲ್ಲಿ ನಮ್ಮ ಕುಟುಂಬಗಳು ಕಲಿಯಬೇಕಾದ ಪಾಠವೊಂದಿದೆ.

ಸಂಕಟದಲ್ಲಿ ಹುಟ್ಟಿದ ಸಂಸ್ಥೆ

1970ರ ನವೆಂಬರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಭೀಕರ ಚಂಡಮಾರುತವು ಅಪ್ಪಳಿಸಿತು. 3 ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು. ಫಜ್ಲೆ ಹಸನ್ ಅಬೇದ್ ಅವರು ಆಗ ಚಿತ್ತಗಾಂಗಿನಲ್ಲಿ ಶೆಲ್ ತೈಲ ಕಂಪನಿಯ ಹಿರಿಯ ಅಧಿಕಾರಿ. ಲಂಡನ್ನಿನಲ್ಲಿ ಲೆಕ್ಕಶಾಸ್ತ್ರವನ್ನು ಓದಿದ್ದ, ಕೈತುಂಬ ಸಂಬಳ ತರುತ್ತಿದ್ದ 34 ವರ್ಷದವರು. ಚಂಡಮಾರುತದ ಸಂತ್ರಸ್ತರಿಗೆ ನೆರವು ನೀಡಲು ಹೊರಟ ಅವರಿಗೆ ಹಳೆಯ ಜೀವನಕ್ಕೆ ಮರಳುವುದು ಸಾಧ್ಯವಾಗಲಿಲ್ಲ. ಮರುವರ್ಷ ವಿಮೋಚನಾ ಯುದ್ಧವು ನಡೆಯಿತು. ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ನಮ್ಮ ದೇಶಕ್ಕೆ ಬಂದರು. ಯುದ್ಧವು ಮುಗಿದು ಅವರು ಮರಳಿ ಹೋದಾಗ ಅನೇಕರಿಗೆ ಕಂಡದ್ದು ಸುಟ್ಟ ಮನೆ, ಬರಿದಾದ ಕೊಟ್ಟಿಗೆ.

1972ರ ಆರಂಭದಲ್ಲಿ ಅಬೇದರು ಲಂಡನ್ನಿನಲ್ಲಿದ್ದ ತಮ್ಮ ಮನೆಯನ್ನು ಮಾರಿ, ಆ ಹಣದೊಡನೆ ಸಿಲೆಟ್ ಪ್ರಾಂತದ ಶಾಲ್ಲಾ ಎಂಬಲ್ಲಿಗೆ ಬಂದರು. ವರ್ಷದಲ್ಲಿ ಅರ್ಧಕಾಲ ನೀರಿನಿಂದ ಆವೃತವಾಗುವ, ದೋಣಿಯಿಲ್ಲದೆ ತಲುಪಲಾಗದ ಸೀಮೆ ಅದು. ಮನೆಗಳನ್ನು ಮತ್ತೆ ಕಟ್ಟಿಸುವುದು, ಮೀನುಗಾರರಿಗೆ ದೋಣಿಗಳನ್ನು ಒದಗಿಸುವುದು ಮೊದಲ ಕೆಲಸವಾಯಿತು. ನಾಡಿನ ಹೆಸರಾಂತ ಕವಯಿತ್ರಿ ಸೂಫಿಯಾ ಕಮಾಲ್ ಅವರು ಸಂಸ್ಥೆಯ ಮೊದಲ ಅಧ್ಯಕ್ಷೆಯಾದರು. ಆಕ್ಸ್‌ಫಾಮ್‌ನಂತಹ ವಿದೇಶೀ ಸಂಸ್ಥೆಗಳು ಹಣ ಕೊಟ್ಟವು. ಆದರೆ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ನಿರ್ಧಾರವು ಮೊದಲಿನಿಂದಲೂ ಬಾಂಗ್ಲಾದವರ ಕೈಯಲ್ಲಿಯೇ ಇತ್ತು.

ಸ್ಥಳೀಯರೆಂದರೆ ಯಾರು?

ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಅಬೇದರೂ ಅವರೊಡನೆ ಬಂದ ವಿದ್ಯಾವಂತ ತರುಣರೂ ಆ ದೇಶದವರೇ, ಆ ಭಾಷೆಯವರೇ. ಆದರೂ ಶಾಲ್ಲಾದ ಬೆಸ್ತರಿಗೆ ಅವರು ಹೊರಗಿನವರೇ ಆಗಿದ್ದರು. ಇದು ಬಹುಬೇಗನೆ ಅನುಭವಕ್ಕೆ ಬಂತು. ಸಂಸ್ಥೆಯು ಅಲ್ಲಿ ವಯಸ್ಕರ ಶಿಕ್ಷಣ ಕೇಂದ್ರಗಳನ್ನು ಬಹಳ ಉತ್ಸಾಹದಿಂದ ತೆರೆಯಿತು. ಮೊದಲು ಜನ ಬಂದರು. ಕೆಲವು ತಿಂಗಳುಗಳಲ್ಲಿಯೇ ಕೇಂದ್ರಗಳು ಬರಿದಾಗತೊಡಗಿದವು. ಹೊಟ್ಟೆಗಿಲ್ಲದ, ಸಾಲದಲ್ಲಿ ಮುಳುಗಿದ ರೈತನಿಗೆ ಬರಿಯ ಅಕ್ಷರಮಾಲೆಯಿಂದ ಯಾವ ಪ್ರಯೋಜನವೂ ತೋರಲಿಲ್ಲ.

ಇಂತಹ ಸಂದರ್ಭದಲ್ಲಿ ಜನರೇ ಸರಿಯಿಲ್ಲ, ಅವರಿಗೆ ಕಲಿಯುವ ಆಸೆಯೇ ಇಲ್ಲ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಬ್ರ್ಯಾಕ್‌ನವರು ಹಾಗೆ ಮಾಡಲಿಲ್ಲ. ಹಳ್ಳಿಗರ ಬಾಳಿನಲ್ಲಿ ದಿನವೂ ಏಳುವ ಪ್ರಶ್ನೆಗಳಾದ ಹಸಿವು, ಸಾಲ, ರೋಗ, ಬೆಳೆ ಇವುಗಳನ್ನೇ ಪಾಠಗಳನ್ನಾಗಿ ಹೊಸದಾಗಿ ರಚಿಸಿದರು. ಕಲಿಯುವವರು ಪರಸ್ಪರ ಮಾತನಾಡಿ ವಿಚಾರ ಮಾಡುವಂತೆ ಅವುಗಳನ್ನು ಜೋಡಿಸಿದರು. ಕಲಿಸಲು ಬಂದವರು ಮೊದಲು ಕಲಿಯಬೇಕಾಯಿತು. ದೇಶದವರಾದ ಮಾತ್ರಕ್ಕೆ ಸ್ಥಳೀಯರಾಗುವುದಿಲ್ಲ; ರಾಜಧಾನಿಯಿಂದ ಹಳ್ಳಿಗೆ ಇರುವ ದೂರ ಒಮ್ಮೊಮ್ಮೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಇರುವ ದೂರಕ್ಕಿಂತಲೂ ಹೆಚ್ಚು. ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಊರಿನ ಹಿತವನ್ನು ಚಿಂತಿಸುವ ನಮಗೂ ಈ ಮಾತು ಅನ್ವಯಿಸದೆ ಇರಲಾರದು.

ಉಪ್ಪು, ಬೆಲ್ಲ ಮತ್ತು ನಂಬಿಕೆ

ಸಂಸ್ಥೆಯ ನೌಕರವರ್ಗವು ಪಕ್ವವಾದದ್ದು ಮತ್ತೊಂದು ಕಾರ್ಯದಲ್ಲಿ. ಆ ದಿನಗಳಲ್ಲಿ ವಾಂತಿಭೇದಿಯಿಂದ ಅಸಂಖ್ಯ ಶಿಶುಗಳು ಸಾಯುತ್ತಿದ್ದವು. ಅರ್ಧ ಸೇರು ನೀರಿಗೆ ಒಂದು ಹಿಡಿ ಬೆಲ್ಲ, ಮೂರು ಬೆರಳುಗಳಿಂದ ಎತ್ತಿದ ಒಂದು ಚಿಟಿಕೆ ಉಪ್ಪು ಬೆರೆಸಿ ಕುಡಿಸಿದರೆ ಮಗುವಿನ ದೇಹದಿಂದ ಹೋದ ನೀರಿನಂಶ ಮರಳಿ ಬಂದು ಜೀವ ಉಳಿಯುತ್ತದೆ. 1980ರಿಂದ 1990ರವರೆಗಿನ ದಶಕದಲ್ಲಿ ಬ್ರ್ಯಾಕ್‌ನ ತರುಣಿಯರು ತಂಡತಂಡವಾಗಿ ಹಳ್ಳಿಹಳ್ಳಿಗೆ ನಡೆದು, ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳ ತಾಯಂದಿರಿಗೆ ಇದನ್ನು ಮುಖಾಮುಖಿಯಾಗಿ ಕಲಿಸಿದರು. ಈ ತಾಯಂದಿರಲ್ಲಿ ಹೆಚ್ಚಿನವರು ಓದುಬರಹ ಬಾರದವರು. ಆದುದರಿಂದ ಹತ್ತು ಅಂಶಗಳನ್ನು ಬಾಯಿಪಾಠ ಮಾಡಿಸಿ, ಅವರ ಕೈಯಿಂದಲೇ ಪಾನಕವನ್ನು ಮಾಡಿಸಿ ತೋರಿಸಲಾಗುತ್ತಿತ್ತು.

ಆದರೆ ಮೊದಲ ಪರಿಶೀಲನೆಯಲ್ಲಿ ನಿರಾಶೆಯೇ ಕಾದಿತ್ತು. ತಾಯಂದಿರಿಗೆ ವಿಧಾನವೇನೋ ನೆನಪಿತ್ತು. ಮಗು ಕಾಯಿಲೆ ಬಿದ್ದಾಗ ಅದನ್ನು ಬಳಸಿದವರು ಮಾತ್ರ ಬಹಳ ಕಡಿಮೆ. ಕಾರಣವನ್ನು ಶೋಧಿಸಿದಾಗ ಅಚ್ಚರಿಯ ಸಂಗತಿಯೊಂದು ಹೊರಬಿತ್ತು. ಕಲಿಸಲು ಹೋದ ಕೆಲಸಗಾರರಲ್ಲಿಯೇ ಹಲವರಿಗೆ ಆ ಪಾನಕದ ಮೇಲೆ ನಂಬಿಕೆಯಿರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು! ಸಂಸ್ಥೆಯು ಅವರನ್ನು ಗದರಿಸಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಢಾಕಾಕ್ಕೆ ಕರೆಯಿಸಿ, ಈ ಚಿಕಿತ್ಸೆಯ ಹಿಂದಿನ ವಿಜ್ಞಾನವನ್ನು ಸಮಗ್ರವಾಗಿ ತಿಳಿಸಿಕೊಟ್ಟಿತು. ತಮಗೆ ಭೇದಿಯಾದಾಗ ತಾವೂ ಅದನ್ನೇ ಕುಡಿದು ಅನುಭವದಿಂದ ಅರಿಯಬೇಕೆಂದಿತು. ಮನೆಯ ಗಂಡಸರನ್ನು ದೂರವಿಟ್ಟು ಹೆಂಗಸರಿಗೆ ಮಾತ್ರ ಹೇಳುತ್ತಿದ್ದ ಪದ್ಧತಿಯೂ ಬದಲಾಯಿತು. ಒಂದು ತಿಂಗಳಾದ ಮೇಲೆ ಬೇರೆಯವರು ಹೋಗಿ ಕೆಲವು ಮನೆಗಳಲ್ಲಿ ವಿಚಾರಿಸುತ್ತಿದ್ದರು. ತಾಯಂದಿರಿಗೆ ಎಷ್ಟು ನೆನಪಿದೆಯೋ ಅದಕ್ಕೆ ತಕ್ಕಂತೆ ಕಲಿಸಿದವರ ಸಂಬಳ.

ನಡೆನುಡಿಗಳು ಒಂದಾಗಬೇಕೆಂಬುದು ಶರಣರ ಧರ್ಮದ ಮೂಲತತ್ತ್ವ. ಅದು ಸಂಸ್ಥೆಯ ಆಡಳಿತದಲ್ಲಿಯೂ ಸತ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಕೆಳಹಂತದ ಕೆಲಸಗಾರನನ್ನು ಸಂದೇಶ ಒಯ್ಯುವ ಆಳೆಂದು ಬಗೆದರೆ ಅವನು ಸಂದೇಶವನ್ನು ಮಾತ್ರ ಒಯ್ಯುತ್ತಾನೆ. ಅರಿವನ್ನು ಅವನೊಡನೆ ಹಂಚಿಕೊಂಡರೆ ಆ ಕಾರ್ಯವೇ ಅವನದಾಗುತ್ತದೆ.

ತಾಯಂದಿರ ಪ್ರಶ್ನೆಯಿಂದ ಹುಟ್ಟಿದ ಶಾಲೆಗಳು

ಬ್ರ್ಯಾಕ್‌ನ ಕಾರ್ಯಕರ್ತರು ಹಳ್ಳಿಯ ಹೆಂಗಸರಿಗೆ ಪಾಠ ಹೇಳುತ್ತಿದ್ದಾಗ ಆ ತಾಯಂದಿರೇ ಕೇಳಿದರಂತೆ: ನಮಗೆ ಕಲಿಸುತ್ತೀರಿ, ನಮ್ಮ ಮಕ್ಕಳ ಗತಿಯೇನು? ಸರ್ಕಾರಿ ಶಾಲೆ ದೂರ. ಅಲ್ಲಿಯ ವೇಳೆ ಕೂಲಿನಾಲಿ ಮಾಡುವವರಿಗೆ ಒಗ್ಗದು. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಕೆ. ಈ ಪ್ರಶ್ನೆಗೆ ಉತ್ತರವಾಗಿ 1985ರಲ್ಲಿ 22 ಏಕೋಪಾಧ್ಯಾಯ ಶಾಲೆಗಳು ಆರಂಭವಾದವು.

ಆ ಶಾಲೆಗಳ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಿದಿರಿನ ಅಥವಾ ಮಣ್ಣಿನ ಗೋಡೆಯ, ತಗಡು ಹೊದೆಸಿದ ಒಂದೇ ಕೋಣೆ. ಅದು ಸಂಸ್ಥೆಯ ಸ್ವಂತದ್ದಲ್ಲ, ಊರವರಿಂದ ಬಾಡಿಗೆಗೆ ಪಡೆದದ್ದು. ಎಂದೂ ಶಾಲೆಗೆ ಹೋಗದ ಅಥವಾ ನಡುವೆಯೇ ಬಿಟ್ಟ, ಎಂಟರಿಂದ ಹತ್ತು ವಯಸ್ಸಿನ ಸುಮಾರು 30 ಮಕ್ಕಳು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳು. ನೆಲದ ಮೇಲೆ ಚಾಪೆ, ಗೋಡೆಗೆ ಕರಿಹಲಗೆ. ದಿನಕ್ಕೆ ಮೂರು ಗಂಟೆಗಳಷ್ಟು ಪಾಠ. ಅದು ಯಾವ ಹೊತ್ತಿನಲ್ಲಿ ನಡೆಯಬೇಕೆಂಬುದನ್ನು ತಂದೆತಾಯಿಗಳೊಡನೆ ಕೂಡಿ ಗೊತ್ತುಪಡಿಸುತ್ತಿದ್ದರು. ಸುಗ್ಗಿಯ ಕಾಲಕ್ಕೆ ತಕ್ಕಂತೆ ವೇಳೆಯನ್ನು ಬದಲಿಸಬಹುದಿತ್ತು. ಪ್ರತಿ ತಿಂಗಳೂ ಪಾಲಕರ ಸಭೆ.

ಎಲ್ಲಕ್ಕಿಂತ ಮುಖ್ಯವಾದುದು ಶಿಕ್ಷಕಿಯ ಆಯ್ಕೆ. ಅವಳು ಅದೇ ಹಳ್ಳಿಯವಳು. ಸಾಮಾನ್ಯವಾಗಿ ವಿವಾಹಿತೆ, ಒಂಬತ್ತು ಹತ್ತು ತರಗತಿಗಳವರೆಗೆ ಓದಿದವಳು. ಪದವಿಯಿಲ್ಲ, ಶಿಕ್ಷಕ ತರಬೇತಿಯ ಪ್ರಮಾಣಪತ್ರವಿಲ್ಲ. ಇಂತಹವಳಿಂದ ಏನಾದೀತು ಎಂದು ಸಂದೇಹಪಟ್ಟವರಿದ್ದರು. ಆರಂಭದಲ್ಲಿ ಸುಮಾರು ಎರಡು ವಾರಗಳ ತರಬೇತಿ, ಬಳಿಕ ಪ್ರತಿ ತಿಂಗಳೂ ಒಂದು ದಿನದ ಪುನರ್ಮನನ. ಅಲ್ಲಿ ಸುತ್ತಣ ಹಳ್ಳಿಗಳ ಶಿಕ್ಷಕಿಯರೆಲ್ಲ ಕೂಡಿ, ಆ ತಿಂಗಳ ಪಾಠಗಳನ್ನೂ ತಮಗೆ ಎದುರಾದ ತೊಡಕುಗಳನ್ನೂ ಚರ್ಚಿಸುತ್ತಿದ್ದರು. ಇದಲ್ಲದೆ ಮೇಲ್ವಿಚಾರಕರು ಪ್ರತಿ ಶಾಲೆಗೂ ಆಗಾಗ ಬಂದು ತರಗತಿಯಲ್ಲಿ ಕುಳಿತು ನೋಡಿ ಸಲಹೆ ನೀಡುತ್ತಿದ್ದರು. ಒಬ್ಬಳೇ ಶಿಕ್ಷಕಿ ಅದೇ ಮಕ್ಕಳನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ, ಆರಂಭದಲ್ಲಿ ಮೂರು ವರ್ಷ, ಮುಂದೆ ನಾಲ್ಕು ವರ್ಷ, ಕೈಹಿಡಿದು ನಡೆಸುತ್ತಿದ್ದಳು. ಪಕ್ಕದ ಮನೆಯ ಮಗು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಅವಳೇ ಹೋಗಿ ವಿಚಾರಿಸಬಲ್ಲಳು. ಮಗುವಿನ ತಾಯಿ ಕಾಯಿಲೆಯಿಂದಿರುವುದೂ, ತಂದೆ ಕೆಲಸ ಹುಡುಕಿ ಊರು ಬಿಟ್ಟಿರುವುದೂ ಅವಳಿಗೆ ಗೊತ್ತು. ಈ ತಿಳಿವಳಿಕೆಯನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಾರದು.

ಇಪ್ಪತ್ತೆರಡು ಶಾಲೆಗಳು ಮುಂದೆ 30 ಸಾವಿರಕ್ಕೂ ಹೆಚ್ಚಾದವು. ಏಕಕಾಲಕ್ಕೆ 10 ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿ ಓದಿದರು. ಅವುಗಳಲ್ಲಿ ಕಲಿತ ಮಕ್ಕಳಲ್ಲಿ ಬಹುಪಾಲು ಮುಂದಿನ ತರಗತಿಗಳಿಗೆ ಸಾಮಾನ್ಯ ಶಾಲೆಗಳನ್ನು ಸೇರಿದರು.

ಪರೀಕ್ಷೆಯ ದಿನಗಳು

ಈ ಮಾರ್ಗವು ಹೂವಿನ ಹಾಸಿಗೆಯಾಗಿರಲಿಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋಗುವುದನ್ನೂ, ಸಂಸ್ಥೆಯ ಮಹಿಳಾ ಕಾರ್ಯಕರ್ತೆಯರು ಸೈಕಲ್ಲು, ಮೋಟಾರುಸೈಕಲ್ಲುಗಳ ಮೇಲೆ ಊರೂರು ಸುತ್ತುವುದನ್ನೂ ಸಹಿಸದವರು ವಿರೋಧಿಸಿದರು. 1993-94ರ ಸುಮಾರಿಗೆ ಹಲವು ಶಾಲೆಗಳಿಗೆ ಬೆಂಕಿ ಹಚ್ಚಲಾಯಿತು. ಆದರೂ ಶಾಲೆಗಳ ವಿಸ್ತರಣೆ ನಿಲ್ಲಲಿಲ್ಲ. ಹೊರಗಿನಿಂದ ಬಂದವರು ಮಾತ್ರವೇ ಅಲ್ಲಿದ್ದಿದ್ದರೆ ಅವರು ಗಂಟುಮೂಟೆ ಕಟ್ಟಬಹುದಿತ್ತು. ಊರಿನ ಸೊಸೆಯಾಗಿ, ಊರಿನ ತಾಯಿಯಾಗಿ ಬಾಳುತ್ತಿದ್ದ ಶಿಕ್ಷಕಿ ಎಲ್ಲಿಗೆ ಹೋದಾಳು? ಅವಳ ಬೇರು ಅಲ್ಲಿತ್ತು.

ಎರಡನೆಯ ಪರೀಕ್ಷೆ ಹಣದ್ದು. ಬ್ರ್ಯಾಕ್ 1978ರಲ್ಲಿಯೇ ಆರೊಂಗ್ ಎಂಬ ಕರಕುಶಲ ವಸ್ತುಗಳ ಮಳಿಗೆಯನ್ನು ತೆರೆದು ಹಳ್ಳಿಯ ಹೆಂಗಸರ ಕಸೂತಿ, ನೇಯ್ಗೆಗಳಿಗೆ ಪೇಟೆಯನ್ನು ಕಲ್ಪಿಸಿತು. ಮುಂದೆ ಹಾಲಿನ ಉದ್ಯಮವನ್ನೂ ಕಟ್ಟಿತು. ಇವುಗಳ ಲಾಭವೂ ಸೇರಿ ಸಂಸ್ಥೆಯ ಖರ್ಚಿನ ಬಹುಭಾಗ ಅದರ ಸ್ವಂತ ದುಡಿಮೆಯಿಂದಲೇ ಬರುವಂತಾಯಿತು. ಆದರೆ ಶುಲ್ಕವಿಲ್ಲದ ಶಾಲೆಗಳು ಮಾತ್ರ ಬಹಳ ಮಟ್ಟಿಗೆ ವಿದೇಶೀ ನೆರವನ್ನೇ ಅವಲಂಬಿಸಿದ್ದವು. ಕಳೆದ ದಶಕದಲ್ಲಿ ಆ ನೆರವು ಇಳಿಮುಖವಾದಾಗ ಅಂತಹ ಶಾಲೆಗಳ ಸಂಖ್ಯೆಯೂ ಕುಗ್ಗಿತು. ಕೆಲವೆಡೆ ಅಲ್ಪ ಶುಲ್ಕ ಪಡೆಯುವ ಶಾಲೆಗಳನ್ನು ನಡೆಸಬೇಕಾಯಿತು. ಆಡಳಿತವು ಸ್ಥಳೀಯರದಾಗಿದ್ದರೂ ಹಣದ ಮೂಲವು ದೂರದಲ್ಲಿದ್ದರೆ ಅಪಾಯ ತಪ್ಪಿದ್ದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಮೂರನೆಯದು ನ್ಯಾಯದ ಪ್ರಶ್ನೆ. ಆ ಶಿಕ್ಷಕಿಯರಿಗೆ ಸಲ್ಲುತ್ತಿದ್ದ ಗೌರವಧನ ಅತ್ಯಲ್ಪವಾಗಿತ್ತು. ಸರ್ಕಾರಿ ಶಿಕ್ಷಕರ ಸಂಬಳಕ್ಕೆ ಅದು ಯಾವ ರೀತಿಯಲ್ಲೂ ಸಮನಲ್ಲ. ಹಳ್ಳಿಯ ಹೆಣ್ಣುಮಗಳು ಕಡಿಮೆ ಹಣಕ್ಕೆ ದೊರೆಯುತ್ತಾಳೆಂಬ ಕಾರಣದಿಂದ ಅವಳನ್ನು ಆರಿಸುವುದು ಬೇರೆ. ಆ ಕೆಲಸಕ್ಕೆ ಅವಳೇ ಯೋಗ್ಯಳೆಂದು ಆರಿಸುವುದು ಬೇರೆ. ಹೊರನೋಟಕ್ಕೆ ಎರಡೂ ಒಂದೇ ಎಂಬಂತೆ ಕಾಣುತ್ತವೆ. ಸ್ಥಳೀಯರಿಗೆ ಹೊಣೆಯನ್ನು ಒಪ್ಪಿಸುತ್ತೇವೆಂದು ಹೇಳುವ ಪ್ರತಿಯೊಬ್ಬರೂ ತಮ್ಮ ಅಂತರಂಗವನ್ನು ಈ ವಿಷಯದಲ್ಲಿ ಪರೀಕ್ಷಿಸಿಕೊಳ್ಳಬೇಕು.

ಇನ್ನೊಂದು ಸಂಗತಿಯೂ ಸ್ವಾರಸ್ಯವಾಗಿದೆ. 2002ರಲ್ಲಿ ಬ್ರ್ಯಾಕ್ ಅಫ್ಘಾನಿಸ್ತಾನಕ್ಕೆ ಹೋಯಿತು; ಕೆಲವು ವರ್ಷಗಳ ಬಳಿಕ ಆಫ್ರಿಕದ ದೇಶಗಳಿಗೂ ಕಾಲಿಟ್ಟಿತು. ಅಲ್ಲಿ ಬಾಂಗ್ಲಾದವರೇ ಪರಕೀಯರು! ತಮ್ಮ ನಾಡಿನಲ್ಲಿ ಕಲಿತ ಪಾಠವನ್ನು ಅವರು ಅಲ್ಲಿ ತಮಗೇ ಹೇಳಿಕೊಳ್ಳಬೇಕಾಯಿತು. ಅಲ್ಲಿಯ ಊರುಗಳ ಹೆಣ್ಣುಮಕ್ಕಳನ್ನೇ ಶಿಕ್ಷಕಿಯರನ್ನಾಗಿ ಅಣಿಗೊಳಿಸಬೇಕಾಯಿತು. 2019ರ ಆಗಸ್ಟ್‌ನಲ್ಲಿ ಅಬೇದರು ಅಧ್ಯಕ್ಷಸ್ಥಾನದಿಂದ ನಿವೃತ್ತರಾಗಿ ಹೊಣೆಯನ್ನು ಇತರರಿಗೆ ಒಪ್ಪಿಸಿದರು. ಅದೇ ವರ್ಷ ಡಿಸೆಂಬರ್ 20ರಂದು ನಿಧನರಾದರು. ಸಂಸ್ಥೆಯ ಕಾರ್ಯವು ನಿಲ್ಲದೆ ಮುಂದುವರಿದಿದೆ.

ಶರಣರ ಬೆಳಕಿನಲ್ಲಿ

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದಳು. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನಿರಾಸೆಯ ಪಾಠವೆಂದು ಓದುತ್ತೇವೆ. ಅದರಲ್ಲಿ ಮತ್ತೊಂದು ಅರ್ಥವೂ ಇದೆ. ಕೊಡುವವರು ಎಷ್ಟೇ ದೊಡ್ಡವರಾಗಿರಲಿ, ಕಾಯಕ ಮಾಡುವ ಮನೆಗೆ ಎಷ್ಟು ಬೇಕು, ಯಾವುದು ಬೇಕು ಎಂಬುದನ್ನು ನಿಶ್ಚಯಿಸುವ ಅಧಿಕಾರವು ಆ ಮನೆಯದು. ಲಕ್ಕಮ್ಮ ಆ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ಕಲ್ಯಾಣವು ಅದನ್ನು ಗೌರವಿಸಿತು.

ನಮ್ಮ ಸಮೀಪದ ಇತಿಹಾಸದಲ್ಲಿಯೂ ಉದಾಹರಣೆಯಿದೆ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ತರುಣರು ಶಿಕ್ಷಕರು. ಉದಾರ ದಾನಿಗಳು ಅವರಿಗೆ ಬೆಂಬಲವಾಗಿ ನಿಂತರು. ತರಗತಿಯಲ್ಲಿ ಪಾಠ ಹೇಳುವ ವೃತ್ತಿಯವರೇ ಸಂಸ್ಥೆಯನ್ನು ಕಟ್ಟಿ ನಡೆಸಿದರು. ದಾನಿಯ ಹಣ ಮತ್ತು ಶಿಕ್ಷಕರ ನಾಯಕತ್ವ ಪರಸ್ಪರ ಗೌರವದಿಂದ ಕೂಡಿದ್ದರಿಂದಲೇ ಆ ಸಸಿ ಮರವಾಯಿತು.

ನಾವೇನು ಮಾಡಬಹುದು?

ಊರಿನ ಶಾಲೆಗೆ ನೆರವಾಗುವ ನಮ್ಮ ಕುಟುಂಬಗಳು ಕೆಲವು ವಿಚಾರಗಳನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಮೊದಲನೆಯದಾಗಿ, ಕೊಡುವ ಹಣವೆಲ್ಲ ಕಲ್ಲು ಸಿಮೆಂಟುಗಳಿಗೇ ಹೋಗಬಾರದು. ಹೆಸರು ಕೆತ್ತಿಸಲು ಗೋಡೆ ಬೇಕು, ನಿಜ. ಆದರೆ ಕಲಿಸುವವರಿಗೆ ತಕ್ಕ ಸಂಬಳ, ತಿಂಗಳಿಗೊಮ್ಮೆಯಾದರೂ ತರಬೇತಿ ಇವು ಗೋಡೆಗಿಂತ ಮುಖ್ಯ. ಎರಡನೆಯದಾಗಿ, ಶಾಲೆಯ ಸಮಿತಿಯಲ್ಲಿ ಶಿಕ್ಷಕಿಯೂ ತಾಯಂದಿರೂ ಇರಬೇಕು. ಬರಿದೆ ಕುಳಿತು ತಲೆದೂಗುವುದಕ್ಕಲ್ಲ, ತೀರ್ಮಾನಿಸುವುದಕ್ಕೆ. ಮೂರನೆಯದಾಗಿ, ಲೆಕ್ಕಪತ್ರವನ್ನು ದಾನಿಗೆ ಕಳುಹಿಸಿದರೆ ಸಾಲದು, ಊರ ಮುಂದೆ ಓದಬೇಕು. ಸ್ಥಳೀಯರ ನಾಯಕತ್ವವೆಂದರೆ ಲೆಕ್ಕವಿಲ್ಲದ ಸ್ವಾತಂತ್ರ್ಯವಲ್ಲ. ತಿಂಗಳು ಕಳೆದ ಮೇಲೆ ತಾಯಂದಿರ ಮನೆಗೆ ಹೋಗಿ ಪಾಠ ನೆನಪಿದೆಯೇ ಎಂದು ಕೇಳಿದ ಆ ಶಿಸ್ತು ಇಲ್ಲಿಯೂ ಬೇಕು. ನಾಲ್ಕನೆಯದಾಗಿ, ಒಂದಿಷ್ಟು ಪಾಲು ಊರಿನಿಂದಲೇ ಸಂಗ್ರಹವಾಗಲಿ. ಹಿಡಿ ಧಾನ್ಯವಾದರೂ ಸರಿ, ಊರವರು ಕೊಟ್ಟದ್ದರಿಂದ ಶಾಲೆ ಊರವರದಾಗುತ್ತದೆ. ಐದನೆಯದಾಗಿ, ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋದಾಗ ಶಾಲೆಯ ಹೊಸ್ತಿಲು ತುಳಿದು, "ಅಕ್ಕಾ, ಇಲ್ಲಿಗೆ ಏನು ಬೇಕು?" ಎಂದು ಕೇಳೋಣ. ಹೀಗೆ ಮಾಡಿ ಎಂದು ಹೇಳಿ ಬರುವುದು ಬೇಡ.

ಇದೆಲ್ಲ ಸುಲಭವಲ್ಲ. ಕೊಟ್ಟ ಕೈ ಹಿಡಿತವನ್ನು ಸಡಿಲಿಸಲು ಒಪ್ಪುವುದಿಲ್ಲ; ಅದು ಮನುಷ್ಯಸ್ವಭಾವ. ನಾವು ಹೇಳಿದಂತೆ ನಡೆಯದಿದ್ದರೆ ಹಣ ವ್ಯರ್ಥವಾದೀತೆಂಬ ಭಯವೂ ಇದೆ. ಆದರೆ ದಾಸೋಹವೆಂಬ ಶಬ್ದದಲ್ಲಿಯೇ ದಾನಿಯ ಸ್ಥಾನ ಯಾವುದೆಂಬುದು ಸ್ಪಷ್ಟವಾಗಿದೆ. ಅಲ್ಲಿ ಕೊಡುವವನು ಒಡೆಯನಲ್ಲ, ದಾಸ. ಒಡೆತನವನ್ನು ಇಟ್ಟುಕೊಂಡು ಕೊಟ್ಟದ್ದು ದಾನವಾದೀತು, ದಾಸೋಹವಾಗದು.

ಊರಿನ ಒಬ್ಬ ಹೆಣ್ಣುಮಗಳ ಮೇಲೆ ವಿಶ್ವಾಸವಿಟ್ಟು, ಅವಳಿಗೆ ಅರಿವನ್ನೂ ಅಧಿಕಾರವನ್ನೂ ನ್ಯಾಯವಾದ ಪ್ರತಿಫಲವನ್ನೂ ಕೊಟ್ಟರೆ ಅವಳು ಒಂದು ತಲೆಮಾರನ್ನೇ ಬೆಳಗಿಸಬಲ್ಲಳು. ಅಂತಹ ಹೆಣ್ಣುಮಕ್ಕಳು ನಮ್ಮ ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರನ್ನು ಗುರುತಿಸುವ ಕಣ್ಣನ್ನು ಬಸವಾದಿ ಶರಣರು ನಮಗೆ ಕರುಣಿಸಲಿ.